ದಿನಸಿ ಖರ್ಚಿಗೆ ಗಿಫ್ಟ್ ಕಾರ್ಡ್ ಬಳಸಿದರೆ ನಿಜಕ್ಕೂ ಉಳಿತಾಯವಾಗುತ್ತದೆಯೇ?

ಪ್ರಶ್ನೆ (ವಿರಾಜಪೇಟೆ):
ಬ್ಯಾಂಕಿನ ಆ್ಯಪ್‌ನಲ್ಲಿ ದಿನಸಿ ಮಳಿಗೆಗಳ ಗಿಫ್ಟ್ ಕಾರ್ಡ್‌ಗಳು ಮುಖಬೆಲೆಗಿಂತ ಶೇ. 4ರಷ್ಟು ಕಡಿಮೆಗೆ ಸಿಗುತ್ತಿವೆ. ಕಾಫಿ ಮಾರಿದ ಹಣ ವರ್ಷಕ್ಕೊಮ್ಮೆ ಕೈಸೇರುವ ನಮ್ಮಂಥವರು ಇಡೀ ವರ್ಷಕ್ಕಾಗುವಷ್ಟು ಕಾರ್ಡ್‌ಗಳನ್ನು ಒಟ್ಟಿಗೇ ಕೊಂಡಿಡುವುದು ಸರಿಯೇ?

ಉತ್ತರ (ಕುಶಾಲನಗರ):
ದಯವಿಟ್ಟು ಒಟ್ಟಿಗೇ ಕೊಳ್ಳಬೇಡಿ. ತಿಂಗಳಿಗೆ 5,000 ರೂಪಾಯಿಯ ದಿನಸಿಗೆ 200 ರೂಪಾಯಿ ಉಳಿಯುತ್ತದೆ, ನಿಜ. ಆದರೆ ವರ್ಷದ 60,000 ರೂಪಾಯಿಯನ್ನು ಮೊದಲೇ ಕಟ್ಟಿದರೆ ಬಡ್ಡಿ ತಪ್ಪುತ್ತದೆ, ಮಳಿಗೆ ಮುಚ್ಚಿದರೆ ಅಸಲಿಗೇ ಸಂಚಕಾರ. ರಿಸರ್ವ್ ಬ್ಯಾಂಕಿನ 2021ರ ನಿರ್ದೇಶನದಂತೆ ಬ್ಯಾಂಕುಗಳು ನೀಡುವ ಗಿಫ್ಟ್ ಕಾರ್ಡಿನ ಗರಿಷ್ಠ ಮೌಲ್ಯ 10,000 ರೂಪಾಯಿ, ಅದನ್ನು ಮತ್ತೆ ತುಂಬಿಸಲಾಗದು, ನಗದಾಗಿಸಲೂ ಆಗದು. ಮಳಿಗೆಯೊಂದು ತನ್ನಲ್ಲಿ ಮಾತ್ರ ಬಳಸಲೆಂದು ನೀಡುವ ಕಾರ್ಡ್ ಈ ನಿಯಮದ ವ್ಯಾಪ್ತಿಗೇ ಬರುವುದಿಲ್ಲವಾದ್ದರಿಂದ ಅದರ ಅವಧಿ, ಷರತ್ತುಗಳನ್ನು ಓದಿದ ಮೇಲೆಯೇ ಹಣ ಕೊಡಿ.

ಉತ್ತರ (ಮಡಿಕೇರಿ):
ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಕೈಕೊಟ್ಟಾಗ ಬಿಲ್ ಕೌಂಟರಿನಲ್ಲಿ ಆ್ಯಪ್ ತೆರೆಯುವುದೇ ಇಲ್ಲ, ಆದ್ದರಿಂದ ಕಾರ್ಡಿನ ಚಿತ್ರವನ್ನು ಫೋನಿನಲ್ಲಿ ಮೊದಲೇ ಉಳಿಸಿಕೊಳ್ಳಿ. ಯಾರೇ ಕರೆ ಮಾಡಿ ಕೇಳಿದರೂ ಪಿನ್ ಹೇಳಬೇಡಿ. ಸಂತೆಯ ತರಕಾರಿ, ಮೀನಿಗೆ ಹೇಗೂ ನಗದೇ ಬೇಕು.

ಪ್ರಶ್ನೆ ಕೇಳಿದವರು:
ಹಾಗಾದರೆ ಅಕ್ಕಿ, ಎಣ್ಣೆ, ಸಾಬೂನಿಗಷ್ಟೇ ಲೆಕ್ಕ ಹಾಕಿ ತಿಂಗಳಿಗೊಂದರಂತೆ ಕೊಳ್ಳುತ್ತೇನೆ. ಇಬ್ಬರಿಗೂ ಧನ್ಯವಾದಗಳು.