ಕುಡಿತದಿಂದ ಅತಿ ಹೆಚ್ಚು ಕಳೆದುಕೊಂಡ ಬೇಸ್‌ಬಾಲ್ ಆಟಗಾರ ಯಾರು?

ಎಡಗೈ_ಪಿಚರ್:
ಬೇಬ್ ರೂತ್ ರಾತ್ರಿಯೆಲ್ಲ ಕುಡಿದು ಮಾರನೇ ದಿನ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆಯುತ್ತಿದ್ದ ಅಂತ ಎಲ್ಲರೂ ಖುಷಿಯಿಂದ ಹೇಳುತ್ತಾರೆ. 714 ಹೋಮ್ ರನ್ ಹೊಡೆದವನನ್ನು ಯಾರು ತಾನೇ ಬೈಯುತ್ತಾರೆ! ಆದರೆ ಅದೇ ಚಾಳಿಯಿಂದ ಆಟವನ್ನೇ ಕಳೆದುಕೊಂಡವರೂ ಇದ್ದಾರಲ್ವಾ? ನನ್ನ ಪ್ರಕಾರ ನ್ಯೂಯಾರ್ಕ್ ಯಾಂಕೀಸ್ ಟೀಮಿನ ಮಿಕ್ಕಿ ಮ್ಯಾಂಟಲ್. ನೀವೇನಂತೀರಿ?

ಸೆಂಟರ್‌ಫೀಲ್ಡ್:
ಹ್ಯಾಕ್ ವಿಲ್ಸನ್, ಅನುಮಾನವೇ ಬೇಡ. 1930ರಲ್ಲಿ ಶಿಕಾಗೊ ಕಬ್ಸ್‌ಗೆ 56 ಹೋಮ್ ರನ್, 191 ಆರ್‌ಬಿಐ (ತನ್ನ ಬ್ಯಾಟಿಂಗ್‌ನಿಂದ ಟೀಮಿಗೆ ತಂದುಕೊಟ್ಟ ರನ್). ಆ ಆರ್‌ಬಿಐ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಮುಂದಿನ ವರ್ಷ ನೋಡಿ: 13 ಹೋಮ್ ರನ್, 61 ಆರ್‌ಬಿಐ, ಸೀಸನ್ ಮುಗಿಯುವ ಮೊದಲೇ ಸಸ್ಪೆಂಡ್. ತಮಾಷೆ ಏನಂದ್ರೆ ಆಗ ಅಮೆರಿಕದಲ್ಲಿ ಪಾನನಿಷೇಧ ಇತ್ತು! 1931ರಲ್ಲಿ ಕಬ್ಸ್ ಆಡುತ್ತಿದ್ದ ನ್ಯಾಷನಲ್ ಲೀಗ್ ಚೆಂಡಿನ ಪುಟಿತ ಕಡಿಮೆ ಮಾಡಿತ್ತು, ಅವನನ್ನು ಸಂಭಾಳಿಸಲು ಗೊತ್ತಿದ್ದ ಮ್ಯಾನೇಜರ್ ಜೋ ಮೆಕಾರ್ಥಿ ಹೋಗಿ ಕುಡಿತ ಕಂಡರಾಗದ ರಾಜರ್ಸ್ ಹಾರ್ನ್ಸ್‌ಬಿ ಬಂದಿದ್ದ, ಅದೆಲ್ಲ ನಿಜ. ಆದರೂ ಅಷ್ಟು ದೊಡ್ಡ ಕುಸಿತಕ್ಕೆ ಅವಷ್ಟೇ ಸಾಲುವುದಿಲ್ಲ. 1934ಕ್ಕೆ ಮೇಜರ್ ಲೀಗ್‌ನಲ್ಲಿ (ಅಮೆರಿಕದ ಅತ್ಯುನ್ನತ ಬೇಸ್‌ಬಾಲ್) ಅವನ ಆಟ ಮುಗಿಯಿತು, 1948ರಲ್ಲಿ 48ನೇ ವಯಸ್ಸಿಗೆ ತೀರಿಕೊಂಡ.

ಅಂದಹಾಗೆ ರೂತ್ ಕೂಡ ಪುಕ್ಕಟೆ ಪಾರಾಗಲಿಲ್ಲ. 1925ರಲ್ಲಿ ಕಾಯಿಲೆ, ಆಪರೇಷನ್, ಅದರ ಮೇಲೆ ರಾತ್ರಿ ತಿರುಗಾಟಕ್ಕೆ ಮ್ಯಾನೇಜರ್ ಮಿಲ್ಲರ್ ಹಗಿನ್ಸ್ ಹಾಕಿದ 5,000 ಡಾಲರ್ ದಂಡ. ಆಮೇಲೆ ಟ್ರೈನರ್ ಇಟ್ಟುಕೊಂಡು ಮೈ ಇಳಿಸಿದ. ಕತೆ ಹೇಳುವವರು ಈ ಭಾಗ ಬಿಟ್ಟುಬಿಡುತ್ತಾರೆ.

ಹಳೇ_ಸ್ಕೋರ್‌ಕಾರ್ಡ್:
ಮ್ಯಾಂಟಲ್ ವಿಷಯದಲ್ಲಿ ಎಲ್ಲವನ್ನೂ ಬಾಟಲಿ ಮೇಲೆ ಹಾಕಬೇಡಿ. 1951ರ ವರ್ಲ್ಡ್ ಸೀರೀಸ್‌ನಲ್ಲೇ (ಸೀಸನ್ ಕೊನೆಯ ಫೈನಲ್ ಸರಣಿ), 19ನೇ ವಯಸ್ಸಿಗೆ, ಮೊಣಕಾಲು ಹೋಗಿತ್ತು. ಅಪ್ಪ ಹಾಡ್ಜ್‌ಕಿನ್ಸ್ ಕಾಯಿಲೆಯಿಂದ ಚಿಕ್ಕ ವಯಸ್ಸಲ್ಲೇ ಸತ್ತಿದ್ದರು, ತಾನೂ ಹೆಚ್ಚು ದಿನ ಬದುಕಲ್ಲ ಅಂತ ಇವನ ಲೆಕ್ಕ. ಅಷ್ಟಾದರೂ 536 ಹೋಮ್ ರನ್, ಮೂರು ಎಂವಿಪಿ (ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ). ನನಗೆ ಸಿಟ್ಟು ಬರುವುದು ಯಾಂಕೀಸ್ ಮೇಲೆ. 1957ರಲ್ಲಿ ಕೋಪಕಬಾನಾ ಕ್ಲಬ್‌ನಲ್ಲಿ ಗಲಾಟೆ ಆದಾಗ ಟೀಮಿನ ಎಷ್ಟೋ ಜನ ಅಲ್ಲಿದ್ದರು, ಮುಂದಿನ ತಿಂಗಳು ಕಾನ್ಸಾಸ್ ಸಿಟಿಗೆ ಸಾಗಹಾಕಿದ್ದು ಮಾತ್ರ ಅವನ ಜೊತೆಗಾರ ಬಿಲ್ಲಿ ಮಾರ್ಟಿನ್‌ನನ್ನು. ಮ್ಯಾಂಟಲ್ ಹಿಂದಿನ ವರ್ಷವಷ್ಟೇ ಟ್ರಿಪಲ್ ಕ್ರೌನ್ (ಬ್ಯಾಟಿಂಗ್ ಸರಾಸರಿ, ಹೋಮ್ ರನ್, ಆರ್‌ಬಿಐ ಮೂರರಲ್ಲೂ ಲೀಗ್‌ಗೆ ಮೊದಲ ಸ್ಥಾನ) ಗೆದ್ದವನು, ಅವನನ್ನು ಯಾರು ಮುಟ್ಟುತ್ತಾರೆ? ಕೊನೆಗೆ ಚಿಕಿತ್ಸೆಗೆ ಸೇರಿದ್ದು 1994ರಲ್ಲಿ. 1995ರ ಜೂನ್‌ನಲ್ಲಿ ಲಿವರ್ ಕಸಿ, ಆಗಸ್ಟ್‌ನಲ್ಲಿ ಸಾವು. 63 ವರ್ಷ.

ಬುಲ್‌ಪೆನ್_ಬೆಂಚ್:
ನ್ಯೂಯಾರ್ಕ್ ಮೆಟ್ಸ್‌ನ ಪಿಚರ್ (ಚೆಂಡು ಎಸೆಯುವವನು) ಡ್ವೈಟ್ ಗುಡನ್? 1985ರಲ್ಲಿ 24 ಗೆಲುವು, 4 ಸೋಲು, ಇಆರ್‌ಎ (ಒಂಬತ್ತು ಇನಿಂಗ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ) 1.53, ಆಗ ಅವನಿಗೆ ಬರೀ 20 ವರ್ಷ. ಮುಂದಿನ ವರ್ಷ ಮೆಟ್ಸ್ ವರ್ಲ್ಡ್ ಸೀರೀಸ್ ಗೆದ್ದ ಮೆರವಣಿಗೆಗೇ ಬರಲಿಲ್ಲ. ಕೊಕೇನ್ ಪಾಲು ಜಾಸ್ತಿ, ಒಪ್ಪುತ್ತೇನೆ. 300 ಗೆಲುವು ದಾಟಬೇಕಿದ್ದವನು 194ಕ್ಕೆ ನಿಂತ.

ಸೆವೆಂತ್‌_ಇನಿಂಗ್:
ಪಿಚರ್ ಡಾನ್ ನ್ಯೂಕಂಬ್ ಹೆಸರು ಯಾಕೆ ಯಾರೂ ಎತ್ತಿಲ್ಲ? 1956ರಲ್ಲಿ ಡಾಡ್ಜರ್ಸ್‌ಗೆ 27-7, ಮೊಟ್ಟಮೊದಲ ಸೈ ಯಂಗ್ ಪ್ರಶಸ್ತಿ (ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವುದು), ಜೊತೆಗೆ ಎಂವಿಪಿ. 1960ಕ್ಕೆ ಮೇಜರ್ ಲೀಗ್‌ನಿಂದ ಹೊರಗೆ. ಕೊರಿಯಾ ಯುದ್ಧದ ಸಮಯದಲ್ಲಿ ಸೈನ್ಯಕ್ಕೆ ಹೋಗಿ ಎರಡು ಸೀಸನ್ ಬೇರೆ ತಪ್ಪಿತ್ತು. 1966ರಲ್ಲಿ ಕುಡಿತ ಬಿಟ್ಟು, ಆಮೇಲೆ ಕುಡಿತಕ್ಕೆ ಬಿದ್ದ ಬೇರೆ ಆಟಗಾರರ ಬೆನ್ನಿಗೆ ನಿಂತ. ಡಾಡ್ಜರ್ಸ್‌ನ ಬಾಬ್ ವೆಲ್ಚ್ 1980ರಲ್ಲೇ ಚಿಕಿತ್ಸೆ ತಗೊಂಡ, 1990ರಲ್ಲಿ ಓಕ್ಲೆಂಡ್ ಪರ 27 ಪಂದ್ಯ ಗೆದ್ದ. ಯಾಂಕೀಸ್ ಪಿಚರ್ ಸಿಸಿ ಸಬಾತಿಯಾ 2015ರಲ್ಲಿ ಪ್ಲೇಆಫ್ ಹೊಸ್ತಿಲಲ್ಲಿ ಟೀಮ್ ಬಿಟ್ಟು ರಿಹ್ಯಾಬ್‌ಗೆ ಹೋದ, ವಾಪಸ್ ಬಂದು 2019ರವರೆಗೆ ಆಡಿದ, 2025ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಇವರಿಗೆಲ್ಲ ಚಿಕಿತ್ಸೆ ಅಥವಾ ಎರಡನೇ ಅವಕಾಶ ಸಿಕ್ಕಿತು, ವಿಲ್ಸನ್‌ಗೆ ಸಿಕ್ಕಿದ್ದು ಬರೀ ಸಸ್ಪೆನ್ಷನ್. ಹಾಗಾಗಿ ನನ್ನ ವೋಟು ವಿಲ್ಸನ್‌ಗೇ, ನ್ಯೂಕಂಬ್ ಎರಡನೆಯವನು.