ಸಹಾಯ ಬೇಕು: ಕರಾರು ಮುಗಿದರೂ ಮನೆ ಬಿಡದ ಬಾಡಿಗೆದಾರರು

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಮೇಲಂತಸ್ತನ್ನು 11 ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಕೊಟ್ಟಿದ್ದೆ. ಅವಧಿ ಮುಗಿದು ನಾಲ್ಕು ತಿಂಗಳಾದರೂ ಅವರು ಮನೆ ಬಿಟ್ಟಿಲ್ಲ. ಬಾಕಿಯಿರುವ ಮೂರು ತಿಂಗಳ ಬಾಡಿಗೆಯನ್ನು ಠೇವಣಿಯಲ್ಲೇ ಮುರಿದುಕೊಳ್ಳಿ ಎನ್ನುತ್ತಾರೆ. ಆದರೆ ಅವರ ಬಚ್ಚಲಿನ ನೀರು ನಮ್ಮ ದೇವರ ಮನೆಯ ಗೋಡೆಗೆ ಇಳಿದು, ಗಿಲಾವು ಉಬ್ಬಿ ದೀಪದ ಕಂಬದ ಮೇಲೆಯೇ ಉದುರುತ್ತಿದ್ದು, ಅದರ ದುರಸ್ತಿಗೇ ಆ ಠೇವಣಿ ಸಾಲುವಂತಿಲ್ಲ. ನೀರು, ಕರೆಂಟ್ ನಿಲ್ಲಿಸಿ ಎಂದು ಕೆಲವರು ಹೇಳಿದರು. ಅದು ನನಗೆ ಸರಿಕಾಣಲಿಲ್ಲ, ಮೇಲಾಗಿ ಅವರ ಮಗಳಿಗೆ ಪರೀಕ್ಷೆ ಹತ್ತಿರವಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ತಿಂಗಳ ಬಾಡಿಗೆದಾರರಿಗೆ 15 ದಿನಗಳ ನೋಟಿಸು ಕೊಡಬೇಕೆಂದು ಓದಿದ್ದೇನೆ. ಕರಾರು ಮುಗಿದ ಮೇಲೆ ನಾನು ಪಡೆದ ಒಂದು ತಿಂಗಳ ಬಾಡಿಗೆಯಿಂದ ತೊಡಕಾಗುವುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.