ಗ್ರೀಸ್ ಹಾಕಿದ ಮೇಲೂ ವೈ ಅಕ್ಷ ಬಿಗಿಯುತ್ತಿದೆ, ದಯವಿಟ್ಟು ಸಹಾಯ ಮಾಡಿ

ಕರಾವಳಿಬಡಗಿ:
ಗೆಳೆಯರೇ, ಕಂಪ್ಯೂಟರ್ ನಡೆಸುವ, ಮರ ಕೊರೆಯುವ ಈ ರೂಟರ್ ಯಂತ್ರದಿಂದ ನನಗೆ ಸಾಕಾಗಿ ಹೋಗಿದೆ. ವೈ ಅಕ್ಷ, ಅಂದರೆ ಹಿಂದೆ ಮುಂದೆ ಚಲಿಸುವ ಭಾಗ, ಸ್ವಲ್ಪ ದೂರ ಚೆನ್ನಾಗಿ ಹೋಗಿ ಆಮೇಲೆ ಕರಕರ ಎಂದು ಬಿಗಿಯುತ್ತದೆ, ಮೋಟಾರು ಗುರುಗುಟ್ಟುತ್ತದೆ, ಸ್ಟೆಪ್ (ಮೋಟಾರು ತಿರುಗುವ ಹೆಜ್ಜೆಯ ಲೆಕ್ಕ) ತಪ್ಪುತ್ತದೆ. ದೇವರಮನೆಯ ಬಾಗಿಲಿಗೆ ಜಾಲರಿ ಕೊರೆಯುತ್ತಿದ್ದೆ. ಅರ್ಧ ಮುಗಿದ ಮೇಲೆ ವಿನ್ಯಾಸ ಪಕ್ಕಕ್ಕೆ ಸರಿದು ಒಳ್ಳೆಯ ಸಾಗುವಾನಿ ಹಲಗೆ ವ್ಯರ್ಥವಾಯಿತು. ರೈಲಿನ ಮೇಲೆ ಓಡುವ ಲೀನಿಯರ್ ಬೇರಿಂಗುಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿದ್ದೇನೆ. ಒಂದಿಷ್ಟೂ ಬದಲಾಗಿಲ್ಲ. ಬೇಸಿಗೆಯಲ್ಲಿ ಇದೇ ಯಂತ್ರ ತಕರಾರಿಲ್ಲದೆ ಓಡುತ್ತಿತ್ತು. ಯಾವ ಗ್ರೀಸ್ ಹಾಕಿದರೆ ಸರಿಹೋಗುತ್ತದೆ, ಅಷ್ಟು ಹೇಳಿ.

ಎಣ್ಣೆಡಬ್ಬಿ:
ಈಗ ಹಾಕಿರುವುದು ಯಾವುದು? ಅದನ್ನೇ ಹೇಳಿಲ್ಲವಲ್ಲ.

ಕರಾವಳಿಬಡಗಿ:
ಮಾಮೂಲಿ ಗ್ರೀಸ್, ಸರ್. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಎಪಿ-3.

ಎಣ್ಣೆಡಬ್ಬಿ:
ಸಿಕ್ಕಿತು ನೋಡಿ ಕಾರಣ. ಎಪಿ-3 ಇರುವುದು ವಾಹನಗಳ ಚಕ್ರದ ಬೇರಿಂಗಿಗೆ. ಗ್ರೀಸಿನ ಗಡಸುತನಕ್ಕೆ ಎನ್‌ಎಲ್‌ಜಿಐ ಅಂಕಿ ಇರುತ್ತದೆ, ಅಂಕಿ ಏರಿದಷ್ಟೂ ಗ್ರೀಸ್ ಗಟ್ಟಿ. 3ನೇ ದರ್ಜೆಯದು ನಿಮ್ಮ ಸಣ್ಣ ಬೇರಿಂಗ್ ಬ್ಲಾಕಿನಲ್ಲಿ ಗುಂಡುಗಳು ಸುತ್ತಿ ಬರುವ ಕಿರಿದಾದ ಹಾದಿಗೆ ಇಳಿಯುವುದಿಲ್ಲ. ಲಿಥಿಯಂ ಸೋಪಿನ 2ನೇ ದರ್ಜೆ ತನ್ನಿ, 1 ಸಿಕ್ಕರೆ ಇನ್ನೂ ಒಳ್ಳೆಯದು. ಮಾಲಿಬ್ಡಿನಂ ಬೆರೆಸಿದ ಕಪ್ಪು ಗ್ರೀಸ್ ಮತ್ತು ಗ್ರಾಫೈಟ್ ಗ್ರೀಸ್ ಬೇಡವೇ ಬೇಡ. ಅವುಗಳಲ್ಲಿನ ಘನ ಕಣಗಳು ಉರುಳುವ ಗುಂಡಿನ ದಾರಿಯಲ್ಲಿ ಸೇರಿಕೊಳ್ಳುತ್ತವೆ. ಪೂರ್ತಿ ತೊಳೆದು ಮತ್ತೆ ತುಂಬಿ.

ಪೀಣ್ಯಪಾಳಿ:
ರೈಲು ದುಂಡಗಿನದೋ ಚೌಕದ್ದೋ? ಸ್ಕ್ರೂ ಯಾವುದು? ಮೋಟಾರಿನ ಡ್ರೈವರ್‌ನಲ್ಲಿ ಕರೆಂಟ್ ಎಷ್ಟು ಇಟ್ಟಿದ್ದೀರಿ? ಯಂತ್ರ ನಡೆಸುವ ತಂತ್ರಾಂಶ ಜಿಆರ್‌ಬಿಎಲ್ ಆದರೆ, ವೈ ಅಕ್ಷದ ವೇಗೋತ್ಕರ್ಷ ನಿಗದಿಮಾಡುವ $121 ಎಂಬ ಸೆಟ್ಟಿಂಗಿನ ಅಂಕಿಯನ್ನು ಅರ್ಧಕ್ಕೆ ಇಳಿಸಿ ನೋಡಿ. ವೇಗೋತ್ಕರ್ಷ ಹೆಚ್ಚಿದ್ದರೂ ಸ್ಟೆಪ್ ತಪ್ಪುತ್ತದೆ.

ಕರಾವಳಿಬಡಗಿ:
ಎಸ್‌ಬಿಆರ್16 ದುಂಡು ರೈಲು, ಎರಡು ಕಡೆ 1 ಮೀಟರ್, ನಾಲ್ಕು ಬ್ಲಾಕ್. ನಡುವೆ ಅಕ್ಷವನ್ನು ತಳ್ಳುವ ಒಂದೇ 1605 ಬಾಲ್‌ಸ್ಕ್ರೂ. $121 ಇಳಿಸಿದೆ. ನಿಧಾನವಾಗಿ ಹೋಗಿ ಅದೇ ಜಾಗದಲ್ಲಿ ಬಿಗಿಯುತ್ತದೆ.

ಗರಗಸ:
ಮರ ಕೊರೆಯುವ ಯಂತ್ರಕ್ಕೆ ಗ್ರೀಸ್ ಹಾಕುವುದೇ ತಪ್ಪು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಧೂಳು ಗ್ರೀಸಿಗೆ ಅಂಟಿ ಅರೆಯುವ ಕಲ್ಕವಾಗುತ್ತದೆ. ನಾನು 68 ನಂಬರ್ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹಾಕಿ ರೈಲಿನ ದುಂಡು ಶಾಫ್ಟಿನ ಮೇಲೆ ತೆಳುವಾಗಿ ಒರೆಸುತ್ತೇನೆ, ವಾರಕ್ಕೊಮ್ಮೆ. ಅಷ್ಟೇ.

ಎಣ್ಣೆಡಬ್ಬಿ:
ಗರಗಸ ಅವರೇ, ಧೂಳು ಎಣ್ಣೆಗೂ ಅಂಟುತ್ತದೆ. ಗ್ರೀಸ್ ಇರಬೇಕಾದ್ದು ಶಾಫ್ಟಿನ ಮೇಲಲ್ಲ, ಬ್ಲಾಕಿನ ಒಳಗೆ. ಅಂಚಿನ ಸೀಲಿನ ಹತ್ತಿರ ಗ್ರೀಸ್ ತುಂಬಿದ್ದರೆ ಧೂಳು ಒಳಗೆ ಬರಲು ಜಾಗವೇ ಇರುವುದಿಲ್ಲ. ಹೊರಗೆ ಬಂದದ್ದನ್ನು ಒರೆಸಿಬಿಡಬೇಕು. ನೀವು ವಾರಕ್ಕೊಮ್ಮೆ ಒರೆಸುತ್ತೀರಿ, ಎಲ್ಲರೂ ಒರೆಸುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ತೆಳು ಎಣ್ಣೆ ನಂಬಿ ಕುಳಿತರೆ ತುಕ್ಕು ಖಂಡಿತ.

ಗರಗಸ:
ಎಸ್‌ಬಿಆರ್ ಶಾಫ್ಟಿಗೆ ಕ್ರೋಮ್ ಲೇಪ ಇರುತ್ತದೆ. ತುಕ್ಕಿನ ಮಾತು ಇಲ್ಲಿಗೆ ಹೊಂದುವುದಿಲ್ಲ.

ಎಣ್ಣೆಡಬ್ಬಿ:
ಗುಂಡುಗಳಿಗೆ ಕ್ರೋಮ್ ಲೇಪ ಇದೆಯೇ? ಕತ್ತರಿಸಿದ ಶಾಫ್ಟಿನ ತುದಿಗೆ ಇದೆಯೇ? ಮೂಲ ಪ್ರಶ್ನೆಗೆ ಬನ್ನಿ. ಮೊದಲು ಆ ಎಪಿ-3 ಹೊರಗೆ ಹೋಗಬೇಕು.

ಹುಬ್ಬಳ್ಳಿಲೇತ್:
ದುಂಡು ರೈಲು ಇಟ್ಟುಕೊಂಡು ಎಷ್ಟು ದಿನ ಒದ್ದಾಡುತ್ತೀರಿ? ನನ್ನದು ಎಚ್‌ಜಿಆರ್20 ಚೌಕ ರೈಲು, ಉಕ್ಕಿನ ಚೌಕಟ್ಟು, ಬೆಸುಗೆ ಮಾಡಿ ಮೇಲ್ಮೈ ಮಿಲ್ಲಿಂಗ್ ಮಾಡಿಸಿದ್ದೇನೆ. ಪ್ರತಿ ಬ್ಲಾಕಿಗೂ ಎಣ್ಣೆ ತುಂಬುವ ನಿಪ್ಪಲ್ ಇದೆ, ಕೈಪಂಪಿನಿಂದ ಎಲ್ಲ ಬ್ಲಾಕಿಗೂ ಒಟ್ಟಿಗೆ ಎಣ್ಣೆ ಹೋಗುವಂತೆ 4 ಮಿ.ಮೀ. ನಳಿಕೆ ಎಳೆದಿದ್ದೇನೆ. ಅಲ್ಯೂಮಿನಿಯಂ ಕೊರೆದರೂ ಅದುರುವುದಿಲ್ಲ. ಫೋಟೋ ಹಾಕುತ್ತೇನೆ.

ಪೀಣ್ಯಪಾಳಿ:
ಆ ಪಂಪು ಎಲ್ಲಿ ಸಿಕ್ಕಿತು? ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ನಾನು ವಿಚಾರಿಸಿದಾಗ ದೊಡ್ಡ ಯಂತ್ರಗಳ ಪಂಪು ಮಾತ್ರ ತೋರಿಸಿದರು.

ಕರಾವಳಿಬಡಗಿ:
ದಯವಿಟ್ಟು ನನ್ನ ಸಮಸ್ಯೆಗೆ ಬನ್ನಿ. ಎಣ್ಣೆಡಬ್ಬಿ ಅವರು ಹೇಳಿದಂತೆ ನಾಲ್ಕೂ ಬ್ಲಾಕ್ ತೆಗೆದು ತೊಳೆದು ಲಿಥಿಯಂ 2ನೇ ದರ್ಜೆ ತುಂಬಿದೆ. ಬ್ಲಾಕುಗಳು ಕೈಯಲ್ಲಿ ಶಾಫ್ಟಿನ ಮೇಲೆ ನುಣ್ಣಗೆ ಓಡುತ್ತವೆ. ಯಂತ್ರಕ್ಕೆ ಜೋಡಿಸಿದರೆ ಮತ್ತೆ ಅದೇ. ಗಿರಾಕಿ ದಿನವೂ ಫೋನ್ ಮಾಡುತ್ತಿದ್ದಾರೆ.

ಎಣ್ಣೆಡಬ್ಬಿ:
ಹಾಗಾದರೆ ಹಳೆಯ ಗ್ರೀಸ್ ಗುಂಡುಗಳನ್ನು ಹಿಡಿದಿಡುವ ಕೇಜಿನೊಳಗೆ ಉಳಿದಿದೆ. ಒಂದು ಸಲ ತೊಳೆದರೆ ಸಾಲದು. ಸೀಮೆಎಣ್ಣೆಯಲ್ಲಿ ಮತ್ತೆ ತೊಳೆದು, ಪೂರ್ತಿ ಒಣಗಿಸಿ, ಇನ್ನೊಮ್ಮೆ ಹಾಕಿ.

ಮಟ್ಟಗೋಲು:
ನಡುವೆ ಬಾಯಿ ಹಾಕುತ್ತಿದ್ದೇನೆ. ಬಡಗಿಯವರೇ, ಬ್ಲಾಕ್ ಒಂದೊಂದಾಗಿ ನುಣ್ಣಗೆ ಓಡಿ, ನಾಲ್ಕೂ ಸೇರಿದಾಗ ಬಿಗಿಯುತ್ತದೆ ಎಂದ ಮೇಲೆ ಗ್ರೀಸನ್ನು ಸ್ವಲ್ಪ ಹೊತ್ತು ಬಿಡಿ. ವಿದ್ಯುತ್ ತೆಗೆಯಿರಿ. ಬಾಲ್‌ಸ್ಕ್ರೂ ನಟ್ಟನ್ನು ಗ್ಯಾಂಟ್ರಿಗೆ (ಎರಡು ರೈಲುಗಳ ಮೇಲೆ ಓಡುವ ಅಡ್ಡ ಸೇತುವೆಗೆ) ಹಿಡಿದಿರುವ ಬೋಲ್ಟುಗಳನ್ನು ಬಿಚ್ಚಿ, ಗ್ಯಾಂಟ್ರಿಯನ್ನು ಕೈಯಿಂದ ಈ ತುದಿಯಿಂದ ಆ ತುದಿಗೆ ತಳ್ಳಿ. ಎಲ್ಲಿ ಬಿಗಿಯುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಎಲ್ಲಿಯೂ ಬಿಗಿಯದಿದ್ದರೆ ತಪ್ಪು ಸ್ಕ್ರೂ ಕಡೆ, ಬಿಗಿದರೆ ರೈಲಿನ ಕಡೆ. ಇನ್ನೊಂದು ಮಾತು, ಎಸ್‌ಬಿಆರ್ ಬ್ಲಾಕಿನ ಪಕ್ಕದಲ್ಲಿ ಒಂದು ಸಣ್ಣ ಅಲೆನ್ ಸ್ಕ್ರೂ ಇದೆ. ಅದು ಬ್ಲಾಕಿನ ಸೀಳನ್ನು ಬಿಗಿಸಿ ಸಡಿಲ ಕಡಿಮೆ ಮಾಡುವುದಕ್ಕೆ. ಅದನ್ನು ಮುಟ್ಟಿದ್ದೀರಾ? ಯಂತ್ರದ ತಳ ಯಾವುದರಿಂದ ಮಾಡಿದ್ದು?

ಕರಾವಳಿಬಡಗಿ:
ಅಲೆನ್ ಸ್ಕ್ರೂ ಮುಟ್ಟಿಲ್ಲ. ತಳ ಎಂಡಿಎಫ್, 25 ಮಿ.ಮೀ., ಎರಡು ಪದರ. ನಟ್ ಬಿಚ್ಚಿ ತಳ್ಳಿದೆ. ಮುಂಭಾಗದಿಂದ ಅರ್ಧದವರೆಗೆ ಒಂದೇ ಬೆರಳಿನಲ್ಲಿ ಹೋಗುತ್ತದೆ. ಅಲ್ಲಿಂದ ಹಿಂದೆ, ಗೋಡೆಯ ಕಡೆಗೆ, ಎರಡೂ ಕೈ ಹಾಕಿ ದೂಡಬೇಕು.

ಮಟ್ಟಗೋಲು:
ತಳ ಎಂಡಿಎಫ್, ಊರು ಕರಾವಳಿ, ತಿಂಗಳು ಜುಲೈ. ಬೇಸಿಗೆಯಲ್ಲಿ ಸರಿಯಾಗಿ ಓಡುತ್ತಿತ್ತು ಎಂದು ನೀವು ಮೊದಲೇ ಬರೆದಿದ್ದೀರಿ. ಎಂಡಿಎಫ್ ತೇವ ಹೀರಿ ಹಿಗ್ಗುತ್ತದೆ. ದಪ್ಪದಲ್ಲಿ ಹೆಚ್ಚು, ಅಗಲದಲ್ಲಿ ಕಡಿಮೆ, ಆದರೆ ಅಗಲದಲ್ಲೂ ಹಿಗ್ಗುತ್ತದೆ. ರೈಲುಗಳ ನಡುವೆ 600 ಮಿ.ಮೀ. ಇದ್ದು ಸಾವಿರದಲ್ಲಿ ಒಂದು ಪಾಲು ಹಿಗ್ಗಿದರೂ 0.6 ಮಿ.ಮೀ. ಆಯಿತು. ಗುಂಡು ಬೇರಿಂಗ್ ಅಷ್ಟನ್ನು ತಾಳುವುದಿಲ್ಲ. ಹಿಂದಿನ ಗೋಡೆ ತೇವವಾಗಿದೆಯೇ? ಒಂದು ಅಲ್ಯೂಮಿನಿಯಂ ಪಟ್ಟಿಯನ್ನು ಮುಂಭಾಗದಲ್ಲಿ ಎರಡು ಶಾಫ್ಟುಗಳ ನಡುವೆ ಸರಿಯಾಗಿ ಕೂರುವಂತೆ ಕತ್ತರಿಸಿ, ಅದನ್ನೇ ಹಿಂಭಾಗಕ್ಕೆ ಒಯ್ದು, ಉಳಿಯುವ ಸಂದಿಯನ್ನು ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ಲೋಹದ ಎಲೆಗಳು) ಅಳೆಯಿರಿ.

ಎಣ್ಣೆಡಬ್ಬಿ:
ರೈಲು ಓರೆಯಾಗಿದ್ದರೂ ಸರಿಯಾದ ಗ್ರೀಸ್ ಇದ್ದರೆ ಇಷ್ಟು ಬಿಗಿಯುವುದಿಲ್ಲ.

ಮಟ್ಟಗೋಲು:
ಒಪ್ಪುವುದಿಲ್ಲ ಸರ್. ಗ್ರೀಸ್ ತಿಕ್ಕಾಟ ತಗ್ಗಿಸುತ್ತದೆ, ಓರೆಯಾದ ರೈಲನ್ನು ನೇರ ಮಾಡುವುದಿಲ್ಲ. ಹಾಗೆಯೇ ಓಡಿಸಿದರೆ ಗುಂಡುಗಳು ಶಾಫ್ಟಿನಲ್ಲಿ ಗೆರೆ ಕೊರೆಯುತ್ತವೆ, ಆಮೇಲೆ ಯಾವ ಗ್ರೀಸ್ ತಂದರೂ ಕರಕರ ನಿಲ್ಲುವುದಿಲ್ಲ. ನೀವು ಹೇಳಿದ 2ನೇ ದರ್ಜೆಯ ಗ್ರೀಸ್ ಸರಿಯಾದದ್ದೇ, ಅದರಲ್ಲಿ ನನಗೆ ತಕರಾರಿಲ್ಲ. ಹೊಸ ಬ್ಲಾಕ್ ಕೊಳ್ಳುವವರೂ ಗಮನಿಸಿ: ಪೊಟ್ಟಣದಿಂದ ಬರುವಾಗ ಹಲವು ಅಗ್ಗದ ಬ್ಲಾಕುಗಳ ಮೇಲೆ ಇರುವುದು ತುಕ್ಕು ತಡೆಯುವ ಎಣ್ಣೆ ಮಾತ್ರ. ಅದನ್ನು ತೊಳೆದು ಗ್ರೀಸ್ ತುಂಬಿಯೇ ಜೋಡಿಸಬೇಕು.

ಕರಾವಳಿಬಡಗಿ:
ಅಳೆದೆ. ಪಟ್ಟಿ ಮುಂಭಾಗದಲ್ಲಿ ಬಿಗಿಯಾಗಿ ಕೂರುತ್ತದೆ, ಹಿಂಭಾಗದಲ್ಲಿ ಅರ್ಧ ಮಿಲಿಮೀಟರ್ ಎಲೆ ಹೋಗುತ್ತದೆ. ಗೋಡೆಯಲ್ಲಿ ಹಸಿರು ಪಾಚಿ ಇದೆ, ತಳದ ಹಿಂದಿನ ಅಂಚು ಉಬ್ಬಿದೆ.

ಮಟ್ಟಗೋಲು:
ಸದ್ಯಕ್ಕೆ ಹೀಗೆ ಮಾಡಿ. ಒಂದು ರೈಲನ್ನು ಹಾಗೆಯೇ ಬಿಡಿ, ಅದೇ ನಿಮ್ಮ ಆಧಾರ. ಇನ್ನೊಂದು ರೈಲಿನ ಸ್ಕ್ರೂಗಳನ್ನೆಲ್ಲ ಸಡಿಲಿಸಿ ಗ್ಯಾಂಟ್ರಿಯನ್ನು ಮುಂಭಾಗಕ್ಕೆ ತಂದು ಅಲ್ಲಿನ ಸ್ಕ್ರೂ ಬಿಗಿಯಿರಿ, ಸ್ವಲ್ಪ ಹಿಂದಕ್ಕೆ ತಳ್ಳಿ ಅಲ್ಲಿ ಬಿಗಿಯಿರಿ, ಹೀಗೆ ಕೊನೆಯವರೆಗೆ. ಗ್ಯಾಂಟ್ರಿಯೇ ರೈಲಿಗೆ ಅದರ ಜಾಗ ತೋರಿಸುತ್ತದೆ. ರಂಧ್ರಗಳು ಸಾಲದಿದ್ದರೆ ರೈಲಿನ ಆಧಾರದ ರಂಧ್ರಗಳನ್ನು ಅರ್ಧ ಮಿ.ಮೀ. ದೊಡ್ಡದು ಮಾಡಿ. ಯಂತ್ರವನ್ನು ಗೋಡೆಯಿಂದ ದೂರ ಇಡಿ, ತಳದ ಅಂಚುಗಳಿಗೆ ಎಪಾಕ್ಸಿ ಬಳಿಯಿರಿ. ಆದರೆ ಒಣಗಿದ ಮೇಲೆ ಬಳಿಯಬೇಕು, ಈಗ ಬಳಿದರೆ ತೇವ ಒಳಗೇ ಉಳಿಯುತ್ತದೆ.

ಹುಬ್ಬಳ್ಳಿಲೇತ್:
ಉಕ್ಕಿನ ಚೌಕಟ್ಟು ಮಾಡಿಸಿ ಎಂದು ನಾನು ಆಗಲೇ ಹೇಳಿದೆ. ಫೋಟೋ ಈಗ ಹಾಕಿದ್ದೇನೆ, ಎಣ್ಣೆ ನಳಿಕೆ ನೋಡಿ.

ಕರಾವಳಿಬಡಗಿ:
ರೈಲು ಸಡಿಲಿಸಿ ಮತ್ತೆ ಬಿಗಿದೆ. ಗ್ಯಾಂಟ್ರಿ ಕೊನೆಯವರೆಗೂ ಒಂದೇ ಸಮನಾಗಿ ಓಡುತ್ತಿದೆ, ಜಾಲರಿ ಕೊರೆಯಲು ಹಾಕಿದ್ದೇನೆ. ಮಟ್ಟಗೋಲು ಅವರಿಗೆ ನಮಸ್ಕಾರ. ಆದರೆ ಮಳೆ ನಿಂತು ತಳ ಒಣಗಿ ಕುಗ್ಗಿದಾಗ ಇದೇ ಬಿಗಿತ ಉಲ್ಟಾ ದಿಕ್ಕಿನಲ್ಲಿ ಬರುತ್ತದಲ್ಲವೇ? ಎಂಡಿಎಫ್ ಬದಲಿಗೆ 12 ಮಿ.ಮೀ. ಅಲ್ಯೂಮಿನಿಯಂ ಹಲಗೆ ಸಾಕೋ, ಚೌಕ ಕೊಳವೆಯ ಚೌಕಟ್ಟೇ ಬೇಕೋ?

ಪೀಣ್ಯಪಾಳಿ:
ಹುಬ್ಬಳ್ಳಿಲೇತ್ ಅವರೇ, ಆ ಪಂಪಿನ ಮೇಲೆ ಬರೆದಿರುವ ಮಾದರಿ ಸಂಖ್ಯೆ ಫೋಟೋದಲ್ಲಿ ಕಾಣುತ್ತಿಲ್ಲ, ಹತ್ತಿರದಿಂದ ಇನ್ನೊಂದು ತೆಗೆದು ಹಾಕಿ.